ಸೀಸದ ಚೂರು ಹೇಳುವ ದೂರು

ಏರ್ ರೈಫಲ್‌ನ ಮ್ಯಾಗಜೀನ್ ಕೆಟ್ಟಿದೆ ಎಂದು ತಂದುಕೊಟ್ಟರೆ ನುರಿತ ರಿಪೇರಿಗಾರ ಸ್ಕ್ರೂಡ್ರೈವರ್‌ಗೆ ಕೈ ಹಾಕುವುದಿಲ್ಲ. ಸಿಕ್ಕಿಕೊಂಡಿದ್ದ ಸೀಸದ ಪೆಲೆಟ್ ಎಲ್ಲಿ ಎಂದು ಕೇಳುತ್ತಾನೆ. ಅರ್ಧಕ್ಕರ್ಧ ರಿಪೇರಿ ಅದರ ಮೈಮೇಲಿನ ಗೀರಿನಲ್ಲೇ ಇರುತ್ತದೆ.

ಪೆಲೆಟ್ ಡಮರುಗದ ಆಕಾರದ್ದು: ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ, ತೆಳುವಾದ ಅಂಚು. ಎಲ್ಲ ತೊಡಕಿನ ಮೂಲವೂ ಈ ಆಕಾರವೇ. 18ನೇ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾದ ಸೈನ್ಯ ಬಳಸಿದ ಜಿರಾಂಡೋನಿ ಗಾಳಿಕೋವಿಯಲ್ಲಿ ನಳಿಗೆಯ ಪಕ್ಕಕ್ಕೇ ಒಂದು ಕೊಳವೆ, ಅದರೊಳಗೆ ಸುಮಾರು ಇಪ್ಪತ್ತು ದುಂಡನೆ ಗುಂಡು. ಕೋವಿಯ ಮೂತಿ ಎತ್ತಿದಾಗ ಗುಂಡು ತಾನೇ ಉರುಳಿ ಬರುತ್ತಿತ್ತು. ಡಮರುಗ ಹಾಗೆ ಉರುಳುವುದಿಲ್ಲ. ಸಾಲಾಗಿ ನಿಲ್ಲಿಸಿದರೆ ಒಂದರ ತಲೆ ಇನ್ನೊಂದರ ಟೊಳ್ಳಿಗೆ ನುಗ್ಗುತ್ತದೆ. ಆದ್ದರಿಂದ ಒಂದೊಂದಕ್ಕೂ ಪ್ರತ್ಯೇಕ ಮನೆಯಿರುವ, ಸ್ಪ್ರಿಂಗ್ ತಿರುಗಿಸುವ ಚಕ್ರ ಬೇಕಾಯಿತು. (10 ಮೀಟರ್ ಸ್ಪರ್ಧೆಯವರಿಗೆ ಈ ತಲೆನೋವಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಒಂದೊಂದೇ ಪೆಲೆಟ್ ಕೈಯಲ್ಲಿ ತುಂಬಿ.)

ಅಮೆರಿಕದ ಬೆಂಜಮಿನ್ ಮರಾಡರ್ ರೈಫಲ್‌ನ ಮ್ಯಾಗಜೀನ್ ನೋಡಿ. 4.5 ಮಿ.ಮೀ. ಅಳತೆಯದರಲ್ಲಿ ಹತ್ತು ಪೆಲೆಟ್ ಹಿಡಿಯುತ್ತದೆ. ಪಾರದರ್ಶಕ ಮುಚ್ಚಳವನ್ನು ಎಡಕ್ಕೆ ಕೊನೆಯವರೆಗೂ ತಿರುಗಿಸಿ, ಬಿಡದೆ ಮಗುಚಿ, ಮೊದಲ ಪೆಲೆಟ್ಟನ್ನು ಹಿಂಬದಿಯ ತೂತಿನಿಂದ ಅಂಚು ಮುಂದಾಗಿ ಇಡಬೇಕು. ಬಿಗಿದ ಸ್ಪ್ರಿಂಗನ್ನು ತಡೆದು ನಿಲ್ಲಿಸುವುದು ಆ ಪೆಲೆಟ್ಟೇ. ಮತ್ತೆ ಮಗುಚಿದ ಮೇಲೆ ಉಳಿದವು ತಲೆ ಮುಂದಾಗಿ ಹೋಗುತ್ತವೆ. ‘ಕೆಟ್ಟಿದೆ’ ಎಂಬ ಎಷ್ಟೋ ದೂರು ಈ ಮೊದಲ ಪೆಲೆಟ್ಟನ್ನು ಸೊಟ್ಟಗೆ ಇಟ್ಟಿದ್ದರಿಂದ ಹುಟ್ಟಿದ್ದು.

ಪೆಲೆಟ್ ತಲೆಯ ಒಂದೇ ಬದಿ ಕೆತ್ತಿಹೋಗಿದ್ದರೆ ಚಕ್ರದ ತೂತು ನಳಿಗೆಯ ನೇರಕ್ಕೆ ನಿಂತಿಲ್ಲ. ಮ್ಯಾಗಜೀನ್ ಪೂರ್ತಿ ಕೂತಿಲ್ಲ, ಇಲ್ಲವೇ ಚಕ್ರವನ್ನು ತಡೆದು ನಿಲ್ಲಿಸುವ ಹಲ್ಲು ಸವೆದಿದೆ. ಚಕ್ರ ಖಾಲಿ ಇದ್ದಾಗ ಸಲೀಸಾಗಿ ತಿರುಗಿ, ತುಂಬಿದಾಗ ನಿಂತರೆ ಪೆಲೆಟ್ಟೇ ಉದ್ದವಾಯಿತು. ಖಾಲಿ ಇದ್ದಾಗಲೂ ತಡವರಿಸಿದರೆ ಒಳಗೆ ಸೀಸದ ಪುಡಿ, ಅಥವಾ ನಡುವಿನ ಸ್ಕ್ರೂ ಅತಿ ಬಿಗಿ. ಪೆಲೆಟ್ ಉದುರುತ್ತಿದ್ದರೆ ಅದನ್ನು ಹಿಡಿದಿಡುವ ಓ-ರಿಂಗ್ ಒಣಗಿದೆ.

ಬಿಚ್ಚುವ ಮುನ್ನ ರೈಫಲ್‌ನಿಂದ ಮ್ಯಾಗಜೀನ್ ತೆಗೆದರಷ್ಟೇ ಸಾಲದು. ಬೋಲ್ಟ್ ಆಗಲೇ ಒಂದು ಪೆಲೆಟ್ಟನ್ನು ನಳಿಗೆಗೆ ತಳ್ಳಿರಬಹುದು; ಅದನ್ನು ನೋಡಿಯೇ ಮುಂದಿನ ಕೆಲಸ. ಅಗಲವಾದ ತಟ್ಟೆಯ ಮೇಲೆ ಸ್ಕ್ರೂ ಬಿಚ್ಚಿ, ಸ್ಪ್ರಿಂಗ್‌ನ ಕಾಲು ಯಾವ ತೂತಿನಲ್ಲಿದೆ ಎಂದು ಫೋಟೊ ಹಿಡಿದಿಟ್ಟುಕೊಳ್ಳಬೇಕು. ಒರೆಸಲು ಒಣಬಟ್ಟೆ, ಮೆತ್ತನೆಯ ಬ್ರಷ್ ಸಾಕು. ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಎಣ್ಣೆ ಪುಡಿಯನ್ನೆಲ್ಲ ಅಂಟಿಸಿಕೊಂಡು ಕೂರುತ್ತದೆ.

ಕೈಚಳಕ ಕಾಣುವುದು ಸ್ಪ್ರಿಂಗ್ ಬಿಗಿಯುವಾಗ. ಚಕ್ರ ತಿರುಗಿದಷ್ಟೂ ಸ್ಪ್ರಿಂಗ್ ಸಡಿಲವಾಗುವುದರಿಂದ ಕೊನೆಯ ಪೆಲೆಟ್‌ಗೆ ಸಿಗುವುದು ಅತಿ ಕಡಿಮೆ ಬಲ. ಹಾಗಾಗಿ ಬಲ್ಲವರು ಪರೀಕ್ಷಿಸುವುದು ಕೊನೆಯದನ್ನು. ಅದು ಬಂದು ನಿಂತಿತೋ, ಅಷ್ಟೇ ಬಿಗಿ ಸಾಕು. ಹೆಚ್ಚು ಬಿಗಿದರೆ ಚಕ್ರ ಬಡಿದು ಹಲ್ಲು ಬೇಗ ಸವೆಯುತ್ತದೆ. ಸವೆದ ಹಲ್ಲಿಗೆ ಅರ ಹಿಡಿದು ಸರಿಮಾಡುವ ಆಸೆ ಬೇಡ, ಹೊಸ ಮ್ಯಾಗಜೀನ್ ಕೊಳ್ಳಿ. ಮತ್ತೆ, ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಾಫಿ ಲೋಟ ಹಿಡಿಯಬೇಡಿ.