ತಾಳ ತಪ್ಪಿಸುವ ಮಿಲಿಸೆಕೆಂಡುಗಳು

ಅಮೆರಿಕದಲ್ಲಿರುವ ಮಕ್ಕಳಿಗೆ ಬೆಂಗಳೂರಿನಿಂದ ಆನ್‌ಲೈನ್ ಸಂಗೀತ ಪಾಠ ಹೇಳುವ ಮೇಷ್ಟ್ರುಗಳೆಲ್ಲ ಒಂದು ಪದ್ಧತಿಗೆ ಒಗ್ಗಿಕೊಂಡಿದ್ದಾರೆ. ತಾವು ಒಂದು ಸಾಲು ಹಾಡಿ ನಿಲ್ಲಿಸುವುದು, ಆಮೇಲೆ ಶಿಷ್ಯೆ ಅದನ್ನು ಹಾಡುವುದು. ಇಬ್ಬರೂ ಕೂಡಿ ಹಾಡುವ ಹಾಗಿಲ್ಲ. ಹಾಡಿದರೆ, ಅಲ್ಲಿ ಅವಳು ಸರಿಯಾಗಿಯೇ ತಾಳ ಹಾಕುತ್ತಿದ್ದರೂ ಇಲ್ಲಿ ಮೇಷ್ಟ್ರಿಗೆ ಅವಳ ಕೈ ಅರ್ಧ ಅಕ್ಷರ ಹಿಂದೆ ಬಿದ್ದಂತೆ ಕಾಣುತ್ತದೆ. ಅವಳಿಗಾಗಿ ಇವರು ಕಾಯುತ್ತಾರೆ, ಇವರಿಗಾಗಿ ಅವಳು ಕಾಯುತ್ತಾಳೆ, ನಾಲ್ಕಾರು ಆವರ್ತ ಮುಗಿಯುವಷ್ಟರಲ್ಲಿ ಮಧ್ಯಮಕಾಲದ ಕೃತಿ ವಿಳಂಬಕ್ಕೆ ಇಳಿದಿರುತ್ತದೆ. ‘ನೆಟ್ ಸ್ಲೋ’ ಎಂದು ಎರಡೂ ಕಡೆ ಬೈದುಕೊಳ್ಳುತ್ತಾರೆ. ಮುಂದಿನ ತಿಂಗಳು 100 ಎಂಬಿಪಿಎಸ್ ಇದ್ದದ್ದು 300ಕ್ಕೆ ಏರುತ್ತದೆ. ಕೈ ಮಾತ್ರ ಇದ್ದಲ್ಲೇ ಇರುತ್ತದೆ.

ಎಂಬಿಪಿಎಸ್ ಹೇಳುವುದು ಸೆಕೆಂಡಿಗೆ ಎಷ್ಟು ಮಾಹಿತಿ ಹರಿಯುತ್ತದೆ ಎಂಬುದನ್ನು. ಹೊರಟ ಮಾಹಿತಿ ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದು ಬೇರೆಯೇ ಲೆಕ್ಕ. ಆ ತಡಕ್ಕೆ ಲೇಟೆನ್ಸಿ ಎಂದು ಹೆಸರು. ಒಳ್ಳೆಯ ಗುಣಮಟ್ಟದ ಸಂಗೀತ ಕಳಿಸಲು ಒಂದು ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ಹಾಗಾಗಿ 300ರ ಪ್ಲಾನಿಗೆ ಕೊಟ್ಟ ಹಣದಿಂದ ಮನೆಯವರ ಸಿನಿಮಾ ಚೆನ್ನಾಗಿ ಓಡೀತು, ತಾಳ ಸರಿಹೋಗದು.

ಹಾಗೆ ನೋಡಿದರೆ ತಡವಿಲ್ಲದ ಸಂಗೀತ ಎಲ್ಲಿಯೂ ಇಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ ಒಂದು ಮೀಟರಿಗೆ ಹತ್ತಿರಹತ್ತಿರ ಮೂರು ಮಿಲಿಸೆಕೆಂಡು. ಕಛೇರಿಯ ವೇದಿಕೆಯಲ್ಲಿ ಗಾಯಕರಿಗೂ ಮೃದಂಗದವರಿಗೂ ಒಂದೂವರೆ ಮೀಟರ್ ಅಂತರವಿದ್ದರೆ ನಾಲ್ಕೈದು ಮಿಲಿಸೆಕೆಂಡಿನ ತಡ ಆಗಲೇ ಇದೆ. ಅದು ಯಾರ ಗಮನಕ್ಕೂ ಬರುವುದಿಲ್ಲ. ದೊಡ್ಡ ಪಾಶ್ಚಾತ್ಯ ವಾದ್ಯವೃಂದದಲ್ಲಿ ಈ ತುದಿಯಿಂದ ಆ ತುದಿಗೆ ಹದಿನೈದು ಮೀಟರ್ ದಾಟುವುದುಂಟು, ಅಂದರೆ 40 ಮಿಲಿಸೆಕೆಂಡಿಗೂ ಹೆಚ್ಚು. ಅವರು ಕಿವಿಯನ್ನು ನಂಬಿ ಕೂತರೆ ಕೆಟ್ಟರು. ಅದಕ್ಕೇ ಎಲ್ಲರ ಕಣ್ಣೂ ಕಂಡಕ್ಟರನ ಕೋಲಿನ ಮೇಲೆ.

ಹಾಗಾದರೆ ಎಷ್ಟು ತಡದವರೆಗೆ ತಾಳ ಉಳಿಯುತ್ತದೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇದನ್ನು ಚಪ್ಪಾಳೆಯಿಂದ ಪರೀಕ್ಷಿಸಿದರು. ಇಬ್ಬರನ್ನು ಬೇರೆಬೇರೆ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಒಬ್ಬರ ಚಪ್ಪಾಳೆಯ ನಡುವೆ ಇನ್ನೊಬ್ಬರದು ಹೆಣೆದುಕೊಳ್ಳುವಂಥ ಒಂದು ಲಯವನ್ನು ತಟ್ಟಲು ಹೇಳಿದರು. ನಡುವಿನ ತಡವನ್ನು ಮಾತ್ರ ಏರಿಸಿ ಇಳಿಸಿದರು. ತಡ ಹೆಚ್ಚಿದಷ್ಟೂ ವೇಗ ಕುಗ್ಗಿತು. ಇದು ನಿರೀಕ್ಷಿತವೇ: ಎದುರಿನವರ ಚಪ್ಪಾಳೆ ತಡವಾಗಿ ಕೇಳಿದಾಗ ‘ನಾನೇ ಓಡುತ್ತಿದ್ದೇನೆ’ ಎಂದು ಇಬ್ಬರೂ ತುಸು ಹಿಂಜರಿಯುತ್ತಾರೆ, ಆ ಹಿಂಜರಿಕೆ ಪ್ರತಿ ಪೆಟ್ಟಿಗೂ ಕೂಡುತ್ತಾ ಹೋಗುತ್ತದೆ. ಅಚ್ಚರಿಯ ಸಂಗತಿ ಇನ್ನೊಂದು ತುದಿಯಲ್ಲಿತ್ತು. ತಡ ಸುಮಾರು 10 ಮಿಲಿಸೆಕೆಂಡಿಗಿಂತಲೂ ಕಡಿಮೆಯಾದಾಗ ಅವರು ಓಡತೊಡಗಿದರು! ಕಾಲಪ್ರಮಾಣ ಕದಲದೆ ನಿಂತದ್ದು ಮೂರ್ನಾಲ್ಕು ಮೀಟರ್ ದೂರ ಕೂತವರ ನಡುವೆ ಗಾಳಿಯಲ್ಲಿ ಆಗುವಷ್ಟು ತಡ ಇದ್ದಾಗ. ಎಂದರೆ ನಮ್ಮ ಕಿವಿ, ಕೈಗಳಿಗೆ ತಡವಿಲ್ಲದ ಜಗತ್ತಿನ ಅಭ್ಯಾಸವೇ ಇಲ್ಲ.

ಈ ಕ್ಷೇತ್ರದವರು ಸ್ಥೂಲವಾಗಿ 25 ಮಿಲಿಸೆಕೆಂಡನ್ನು ಗಡಿ ಎಂದು ಹಿಡಿಯುತ್ತಾರೆ. ಅದು ಎಂಟೂವರೆ ಮೀಟರ್ ದೂರದಿಂದ ಕೇಳಿದ ಹಾಗೆ. ಪಳಗಿದವರು ಇನ್ನೂ ಸ್ವಲ್ಪ ಸಹಿಸಿಕೊಂಡಾರು. ಮಾತಿಗೆ ಇಷ್ಟು ಬಿಗಿ ಬೇಕಿಲ್ಲ. ಟೆಲಿಫೋನ್ ಸಂಭಾಷಣೆಯಲ್ಲಿ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನವರೆಗೆ ಇದ್ದರೂ ನಡೆಯುತ್ತದೆ ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ ಹೇಳುತ್ತದೆ. ಝೂಮ್, ವಾಟ್ಸ್ಆ್ಯಪ್ ಕರೆಗಳು ಮಾತಿಗಾಗಿ ಹುಟ್ಟಿದವು. ಅವಕ್ಕೆ ನೂರು ಮಿಲಿಸೆಕೆಂಡು ಲೆಕ್ಕಕ್ಕೇ ಇಲ್ಲ. ಮೃದಂಗಕ್ಕೆ ಇದೆ. ಆದಿತಾಳದ ಒಂದು ಅಕ್ಷರ 0.8 ಸೆಕೆಂಡು ಎಂದಿಟ್ಟುಕೊಳ್ಳಿ. ಚತುರಶ್ರ ನಡೆಯಲ್ಲಿ ನಾಲ್ಕು ಪೆಟ್ಟು ಬಿದ್ದರೆ ಒಂದೊಂದಕ್ಕೆ 200 ಮಿಲಿಸೆಕೆಂಡು, ಅದೇ ದುರಿತದಲ್ಲಿ ಎಂಟು ಬಿದ್ದರೆ 100. ಅಲ್ಲಿಗೆ ನೂರು ಮಿಲಿಸೆಕೆಂಡಿನ ತಡ ಎಂದರೆ ಇಡೀ ಒಂದು ಪೆಟ್ಟಿನ ವ್ಯತ್ಯಾಸ. ಸಮಕ್ಕೆ ಹಾಕಿದ ಮುಕ್ತಾಯ ಆಚೆ ಮನೆಯಲ್ಲಿ ಎಡವಿ ಬೀಳುತ್ತದೆ.

ಕರೆ ಆ್ಯಪ್‌ಗಳಿಗೆ ಇನ್ನೊಂದು ಚಾಳಿ ಇದೆ. ಒಂದೇ ಸಮನೆ ಮೊರೆಯುವ ಶಬ್ದ ಕೇಳಿದರೆ ಫ್ಯಾನೋ ಮಿಕ್ಸಿಯೋ ಇರಬೇಕೆಂದು ತೆಗೆದುಹಾಕುತ್ತವೆ. ಹಾಗೆ ತೆಗೆದುಹಾಕಿಸಿಕೊಳ್ಳುವವರ ಪಟ್ಟಿಯಲ್ಲಿ ನಮ್ಮ ತಂಬೂರಿಯೂ ಇದೆ. ಝೂಮ್‌ನಲ್ಲಿ ಸಂಗೀತಗಾರರಿಗೆಂದೇ ‘ಒರಿಜಿನಲ್ ಸೌಂಡ್’ ಆಯ್ಕೆ ಇದೆ, ಪಾಠದವರು ಅದನ್ನು ಆನ್ ಮಾಡಿಕೊಳ್ಳಲಿ. ಅದರಿಂದ ಶ್ರುತಿ ಉಳಿಯುತ್ತದೆ, ಆದರೆ ತಡ ಹೋಗುವುದಿಲ್ಲ.

ಈ ತಡ ಎಲ್ಲಿ ಹುಟ್ಟುತ್ತದೆ ಎಂದು ಹುಡುಕಿ ಹೊರಟರೆ ಒಂದು ದೊಡ್ಡ ಪಾಲು ಸಮುದ್ರದಡಿಯ ಕೇಬಲಿಗೆ ಹೋಗುವ ಮೊದಲೇ, ನಮ್ಮ ಕೋಣೆಯಲ್ಲೇ ಸಿಗುತ್ತದೆ. ಮೈಕ್ ಹಿಡಿದ ದನಿಯನ್ನು ಸೌಂಡ್ ಕಾರ್ಡ್ ಸೆಕೆಂಡಿಗೆ 48,000 ತುಣುಕುಗಳಾಗಿ ಅಳೆಯುತ್ತದೆ. ತುಣುಕು ಸಿಕ್ಕಿದ ಕೂಡಲೇ ಅದನ್ನು ಕಂಪ್ಯೂಟರಿಗೆ ದಾಟಿಸುವುದಿಲ್ಲ. ಸೀಟು ತುಂಬುವವರೆಗೆ ಹೊರಡದ ಮ್ಯಾಕ್ಸಿಕ್ಯಾಬಿನ ಹಾಗೆ ಒಂದಷ್ಟು ಕೂಡಿಹಾಕಿಯೇ ಬಿಡುತ್ತದೆ. ಆ ಕೂಡಿಹಾಕುವ ಜಾಗವೇ ಬಫರ್. ಬಫರಿನಲ್ಲಿ 1024 ತುಣುಕು ಹಿಡಿಸುವ ಹಾಗಿದ್ದರೆ ಅದು ತುಂಬುವುದಕ್ಕೇ 21 ಮಿಲಿಸೆಕೆಂಡು ಬೇಕು. 25ರ ಗಡಿಯಲ್ಲಿ ಬಹುಪಾಲು ಅಲ್ಲಿಗೇ ಖರ್ಚು, ದನಿ ಇನ್ನೂ ಮನೆಯ ಹೊಸಿಲು ದಾಟಿಲ್ಲ! 128ಕ್ಕೆ ಇಳಿಸಿದರೆ 2.7 ಮಿಲಿಸೆಕೆಂಡು, 64ಕ್ಕೆ ಇಳಿಸಿದರೆ 1.3. ತೀರಾ ಇಳಿಸಿದರೆ ಕಂಪ್ಯೂಟರಿಗೆ ಪುರಸೊತ್ತು ಸಾಲದೆ ದನಿ ಚಟಪಟ ಒಡೆಯುತ್ತದೆ. ಒಡೆಯುವ ಮಟ್ಟಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಿಸುವುದು ವಾಡಿಕೆ. ವಿಂಡೋಸ್‌ನ ಮಾಮೂಲಿ ಆಡಿಯೊ ದಾರಿ ಇದಕ್ಕೆ ಒಗ್ಗುವುದಿಲ್ಲ, ಸ್ಟೈನ್‌ಬರ್ಗ್ ಕಂಪನಿ ರೂಪಿಸಿದ ಆಸಿಯೊ ಎಂಬ ಅಡ್ಡದಾರಿಯ ಡ್ರೈವರ್ ಬೇಕು. ಮ್ಯಾಕ್‌ನಲ್ಲಿ ಈ ಗೋಳು ಕಡಿಮೆ.

ಕಿವಿಗೆ ಹಾಕಿಕೊಳ್ಳುವ ಬ್ಲೂಟೂತ್ ಬಡ್ಸ್ ಬಗ್ಗೆ ಒಂದು ಮಾತು. ಅವು ದನಿಯನ್ನು ಮತ್ತೊಮ್ಮೆ ಸಂಕುಚಿಸಿ, ಗಾಳಿಯಲ್ಲಿ ಕಳಿಸಿ, ಬಿಡಿಸಿ ಕೇಳಿಸುವ ಹೊತ್ತಿಗೆ 100ರಿಂದ 200 ಮಿಲಿಸೆಕೆಂಡು ಕಳೆದಿರುತ್ತದೆ. ಅದೂ ಒಂದೇ ಕೋಣೆಯೊಳಗೆ. ಈ ಕೆಲಸಕ್ಕೆ ಇನ್ನೂರು ರೂಪಾಯಿಯ ತಂತಿಯ ಇಯರ್‌ಫೋನ್ ಹತ್ತು ಸಾವಿರದ ಬಡ್ಸ್‌ಗಿಂತ ಮೇಲು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ವೈಫೈ ಕಥೆ ಸ್ವಲ್ಪ ಸೂಕ್ಷ್ಮ. ಸರಾಸರಿ ನೋಡಿದರೆ ಅದು ನಿಧಾನವೇನಲ್ಲ. ಆದರೆ ಪಕ್ಕದ ಮನೆಯ ರೂಟರ್, ಮಗನ ಫೋನ್, ಟಿವಿ ಎಲ್ಲವೂ ಅದೇ ಗಾಳಿಯನ್ನು ಹಂಚಿಕೊಂಡಿವೆ. ಯಾರೂ ಕಳಿಸುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ನಮ್ಮ ಪ್ಯಾಕೆಟ್, ಎಂದರೆ ದನಿಯ ಮಾಹಿತಿಯ ಒಂದು ಕಟ್ಟು, ಹೊರಡಬೇಕು, ಡಿಕ್ಕಿಯಾದರೆ ಮತ್ತೆ ಕಳಿಸಬೇಕು. ಹೀಗಾಗಿ ಒಂದು ಪ್ಯಾಕೆಟ್ ಎರಡು ಮಿಲಿಸೆಕೆಂಡಿಗೆ ಬಂದರೆ ಮುಂದಿನದು ಮೂವತ್ತಕ್ಕೆ ಬರುತ್ತದೆ. ಈ ಏರುಪೇರಿಗೆ ಜಿಟರ್ ಎನ್ನುತ್ತಾರೆ. ದನಿ ಕಡಿಯದಂತೆ ನೋಡಿಕೊಳ್ಳಬೇಕಾದರೆ ಆಚೆ ಬದಿಯ ತಂತ್ರಾಂಶ ಅತಿ ತಡವಾದ ಪ್ಯಾಕೆಟ್ಟಿಗೂ ಕಾಯಲೇಬೇಕು, ಬೇಗ ಬಂದವನ್ನೂ ಅದಕ್ಕಾಗಿ ಕೂರಿಸಿಕೊಳ್ಳಬೇಕು. ಒಂದು ತಂತಿ, ಎಂದರೆ ರೂಟರಿನಿಂದ ಲ್ಯಾಪ್‌ಟಾಪಿಗೆ ಎಳೆದ ಲ್ಯಾನ್ ಕೇಬಲ್, ಈ ಕಾಯುವಿಕೆಯನ್ನು ಬಹಳಷ್ಟು ತೊಡೆದುಹಾಕುತ್ತದೆ. ಜೊತೆಗೆ ಹಾಡುವ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮದುವೆಯ ಫೋಟೊಗಳನ್ನು ಅಪ್‌ಲೋಡ್ ಮಾಡದಿರಲಿ. ರೂಟರ್ ಅವನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿಕೊಂಡು ನಮ್ಮ ಸ್ವರವನ್ನು ಆ ಸಾಲಿನ ಕೊನೆಗೆ ತಳ್ಳುತ್ತದೆ.

ಕಳೆದುಹೋದ ಪ್ಯಾಕೆಟ್ಟಿನ ವಿಷಯದಲ್ಲಿ ಸಂಗೀತದ ತಂತ್ರಾಂಶಗಳು ನಿಷ್ಕರುಣಿಗಳು. ಬ್ಯಾಂಕ್ ವ್ಯವಹಾರದಲ್ಲಿ ಒಂದು ತುಣುಕು ಕಳೆದರೆ ಮತ್ತೆ ತರಿಸಿಕೊಳ್ಳಲೇಬೇಕು. ಇಲ್ಲಿ ತರಿಸಿಕೊಂಡು ಪ್ರಯೋಜನವಿಲ್ಲ, ಅದು ಬರುವಷ್ಟರಲ್ಲಿ ಸ್ವರ ಮುಂದೆ ಹೋಗಿರುತ್ತದೆ. ಬಿಟ್ಟು ಮುಂದೆ ನಡೆಯುತ್ತವೆ, ನಡುವಿನ ಸಣ್ಣ ಖಾಲಿಯನ್ನು ಊಹೆಯಿಂದ ತುಂಬುತ್ತವೆ. ಸಂಕುಚನದ ವಿಧಾನವೂ ಬದಲಾಗಬೇಕಾಯಿತು. ಹಳೆಯ ಎಂಪಿ3ಗೆ ಒಂದು ಕಂತು ಕಟ್ಟಲು 1152 ತುಣುಕು ಬೇಕು, ಅಂದರೆ 24 ಮಿಲಿಸೆಕೆಂಡು. 2012ರಲ್ಲಿ ಅಂತರಜಾಲದ ಮಾನಕವಾದ ಓಪಸ್ ಎರಡೂವರೆ ಮಿಲಿಸೆಕೆಂಡಿನ ಕಂತನ್ನೂ ಕಟ್ಟಬಲ್ಲದು.

ಈ ಎಲ್ಲ ಉಪಾಯಗಳನ್ನು ಒಂದೆಡೆ ಸೇರಿಸಿರುವ ತಂತ್ರಾಂಶಗಳಲ್ಲಿ ನಮ್ಮಂಥವರಿಗೆ ಹತ್ತಿರವಾಗುವುದು ಜಾಮುಲಸ್. ಜರ್ಮನಿಯ ಫೋಲ್ಕರ್ ಫಿಶರ್ ಶುರುಮಾಡಿದ್ದು. ಉಚಿತ, ಮುಕ್ತ ತಂತ್ರಾಂಶ, ಲಾಕ್‌ಡೌನ್ ಕಾಲದಲ್ಲಿ ಬಹಳ ಹೆಸರು ಮಾಡಿತು. ಚೇಫ್ ಅವರ ಬಳಗದ ಜ್ಯಾಕ್‌ಟ್ರಿಪ್ ದನಿಯನ್ನು ಸಂಕುಚಿಸದೆಯೇ ಕಳಿಸುತ್ತದೆ. ಇಟಲಿಯ ಟ್ರಿಯೆಸ್ಟೆ ನಗರದ ತರ್ತೀನಿ ಸಂಗೀತಶಾಲೆಯಲ್ಲಿ ಹುಟ್ಟಿದ ಲೋಲಾ ದೃಶ್ಯವನ್ನೂ ಹೀಗೆಯೇ ಸಾಗಿಸುತ್ತದೆ. 2010ರಲ್ಲಿ ಅಲ್ಲಿಂದ ಪ್ಯಾರಿಸ್‌ವರೆಗೆ ಅದರ ಪ್ರಯೋಗ ನಡೆಯಿತು. ಅದಕ್ಕೆ ವಿಶ್ವವಿದ್ಯಾಲಯಗಳ ವಿಶೇಷ ಜಾಲ ಬೇಕು, ಮನೆಯ ಬ್ರಾಡ್‌ಬ್ಯಾಂಡ್‌ಗೆ ಎಟುಕದು.

ಜಾಮುಲಸ್‌ನಲ್ಲಿ ಎಲ್ಲರ ದನಿಯೂ ಒಂದು ಸರ್ವರಿಗೆ ಹೋಗಿ, ಬೆರೆತು, ವಾಪಸು ಬರುತ್ತದೆ. ಆದ್ದರಿಂದ ಸರ್ವರ್ ಎಲ್ಲಿದೆ ಎಂಬುದು ಹಾಡುವವರು ಎಲ್ಲಿದ್ದಾರೆ ಎಂಬುದಕ್ಕಿಂತ ಮುಖ್ಯ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ, ಸಾವಿರ ಕಿಲೋಮೀಟರಿಗೆ ಐದು ಮಿಲಿಸೆಕೆಂಡು. ಬೆಂಗಳೂರಿನ ಗಾಯಕಿಗೂ ಮೈಸೂರಿನ ಪಿಟೀಲಿನವರಿಗೂ ನಡುವೆ ಇರುವುದು 145 ಕಿಲೋಮೀಟರ್, ಒಂದು ಮಿಲಿಸೆಕೆಂಡೂ ಆಗದು. ಸರ್ವರ್ ಮುಂಬೈಯಲ್ಲಿದ್ದರೆ ಹೋಗಿ ಬರಲು ಹತ್ತು. ಸಿಂಗಪುರದಲ್ಲಿದ್ದರೆ ಮೂವತ್ತು ದಾಟುತ್ತದೆ, ಎಂದರೆ ಮೈಸೂರಿನ ಪಿಟೀಲು ಸಿಂಗಪುರ ಸುತ್ತಿ ಬೆಂಗಳೂರಿಗೆ ಬಂದ ಹಾಗಾಯಿತು. ಬೆಂಗಳೂರಿನಲ್ಲೇ ಒಬ್ಬರ ಮನೆಯ ಕಂಪ್ಯೂಟರನ್ನು ಸರ್ವರ್ ಮಾಡಿಕೊಂಡರೆ ಇನ್ನೂ ಚೆನ್ನ. ಒಂದೇ ಊರಿನ ಎರಡು ಕಂಪನಿಗಳ ನೆಟ್ ಕೂಡ ಒಮ್ಮೊಮ್ಮೆ ಬೇರೆ ಊರಿಗೆ ಹೋಗಿ ಸಂಧಿಸುವುದುಂಟು, ಹಾಗಾಗಿ ಇಬ್ಬರೂ ಒಂದೇ ಕಂಪನಿಯ ಗ್ರಾಹಕರಾಗಿದ್ದರೆ ಲಾಭ.

ಇನ್ನು ಕ್ಯಾಲಿಫೋರ್ನಿಯ. ಬೆಂಗಳೂರಿನಿಂದ ಸುಮಾರು 14,000 ಕಿಲೋಮೀಟರ್. ಕೇಬಲ್ ಎಲ್ಲಿಯೂ ಸುತ್ತು ಹಾಕದೆ ನೇರ ಹೋದರೂ ಒಂದು ದಿಕ್ಕಿಗೆ 70 ಮಿಲಿಸೆಕೆಂಡು. ಭೂಮಿಯನ್ನೇ ಕೊರೆದು, ನಿರ್ವಾತದಲ್ಲಿ ಬೆಳಕನ್ನು ನೇರ ಬಿಟ್ಟರೂ 38. ಇದನ್ನು 25ರ ಒಳಗೆ ತರುವ ರೂಟರ್ ಇಲ್ಲ, 5ಜಿಯೂ ಇಲ್ಲ, ಮುಂದೆ ಬರುವುದೂ ಇಲ್ಲ. ಹಾಗೆಂದು ಮಾರಲು ಬಂದವರನ್ನು ನಂಬಬೇಡಿ.

ಆದರೆ ಎಲ್ಲ ಸಂಗೀತಕ್ಕೂ ಈ ಗಡಿ ಒಂದೇ ಅಲ್ಲ. ತಂಬೂರಿಯ ಶ್ರುತಿಗೆ ತಡ ತಟ್ಟುವುದೇ ಇಲ್ಲ, ಬದಲಾಗದೆ ಮೊಳಗುವ ದನಿಗೆ ಮುಂಚೆ ಯಾವುದು, ಆಮೇಲೆ ಯಾವುದು? ಇಬ್ಬರೂ ತಮ್ಮತಮ್ಮ ಮನೆಯಲ್ಲೇ ಶ್ರುತಿಪೆಟ್ಟಿಗೆ ಹಾಕಿಕೊಂಡರಾಯಿತು. ಆಲಾಪನೆಯಲ್ಲಿ ಪಿಟೀಲು ಗಾಯಕರ ನೆರಳಿನಂತೆ ಹಿಂದೆಯೇ ಬರುವ ಸಂಪ್ರದಾಯ ಮೊದಲಿನಿಂದಲೂ ಇದೆ. ಅಲ್ಲಿ ಇನ್ನೂ ನೂರು ಮಿಲಿಸೆಕೆಂಡು ಕೂಡಿದರೂ ರಸಭಂಗವಾಗದು. ನನ್ನ ಮಟ್ಟಿಗೆ ಖಂಡಾಂತರ ಜುಗಲ್ಬಂದಿ ಮಾಡುವವರು ಆಲಾಪನೆಗೇ ಹೆಚ್ಚು ಹೊತ್ತು ಕೊಡುವುದು ಜಾಣತನ. ಇನ್ನೊಂದು ದಾರಿ ನಿಂಜಾಮ್ ಎಂಬ ತಂತ್ರಾಂಶದ್ದು, 2005ರದು. ಅದು ತಡವನ್ನು ಕಡಿಮೆ ಮಾಡುವ ಗೋಜಿಗೇ ಹೋಗದೆ, ಬೇಕೆಂದೇ ಒಂದು ಸುತ್ತಿನಷ್ಟು ಹಿಗ್ಗಿಸುತ್ತದೆ. ನಾನು ಕೇಳುವುದು ನಿಮ್ಮ ಹಿಂದಿನ ಆವರ್ತ, ನೀವು ಕೇಳುವುದು ನನ್ನ ಹಿಂದಿನ ಆವರ್ತ, ಸಮ ಮಾತ್ರ ಇಬ್ಬರಿಗೂ ಕೂಡುತ್ತದೆ. ಒಂದೇ ನಡೆಯ ಮೇಲೆ ಮನೋಧರ್ಮ ಬೆಳೆಸುವವರಿಗೆ ಇದು ಸೊಗಸು. ಸಾಹಿತ್ಯವಿರುವ ಕೃತಿಗೆ ಒಗ್ಗದು, ನೀವು ಅನುಪಲ್ಲವಿಗೆ ಹೋದಾಗ ನಾನಿನ್ನೂ ಪಲ್ಲವಿ ಕೇಳುತ್ತಿರುತ್ತೇನೆ.

ಒಂದೇ ರಾಜ್ಯದೊಳಗೆ ಕೂಡಿ ನುಡಿಸುವವರು ತಮ್ಮ ತಡವನ್ನು ತಾವೇ ಅಳೆಯಬಹುದು. ಜಾಮುಲಸ್‌ನಲ್ಲಿ ನಿಮ್ಮ ದನಿಯೂ ಸರ್ವರ್ ಸುತ್ತಿ ನಿಮ್ಮ ಕಿವಿಗೆ ವಾಪಸಾಗುತ್ತದೆ. ಹೆಡ್‌ಫೋನನ್ನು ಕಿವಿಯಿಂದ ತೆಗೆದು, ರೆಕಾರ್ಡಿಂಗ್ ಆನ್ ಮಾಡಿದ ಫೋನಿನ ಪಕ್ಕದಲ್ಲಿಟ್ಟು ಒಂದು ಚಪ್ಪಾಳೆ ತಟ್ಟಿ. ಆ ಧ್ವನಿಮುದ್ರಿಕೆಯನ್ನು ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದರೆ ಎರಡು ಮೊನೆ ಕಾಣುತ್ತವೆ, ಮೊದಲನೆಯದು ಕೈಯದು, ಎರಡನೆಯದು ಸರ್ವರಿನಿಂದ ಬಂದದ್ದು. ನಡುವಿನ ಅಂತರ 40 ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದರೆ, ಅದು 25ರ ಗಡಿ ದಾಟಿದ್ದರೂ, ಪಳಗಿದವರು ವರ್ಣಕ್ಕೆ ಧೈರ್ಯ ಮಾಡಬಹುದು. 60 ದಾಟಿದ್ದರೆ ಪ್ಲಾನ್ ಬದಲಿಸುವ ಮೊದಲು ವೈಫೈ ಬಿಟ್ಟು ಕೇಬಲ್ ಹಾಕಿ, ಬಫರನ್ನು 128ಕ್ಕೆ ಇಳಿಸಿ, ಮತ್ತೊಮ್ಮೆ ಅಳೆದು ನೋಡಿ.