ಬಸಿದ ನೀರು ಯಾರ ಪಾಲು?

ಬಯಲುಸೀಮೆಯ ಯಾವುದಾದರೂ ಹಳೆಯ ಕೆರೆಯ ಏರಿ ಹತ್ತಿ ನಿಂತು ನೋಡಿ. ಕೋಡಿಯಿಂದ ಹೊರಟ ಹಳ್ಳ ಕೆಳಗಿನ ಊರಿನ ಕೆರೆ ಸೇರುತ್ತದೆ. ಆ ಕೆರೆಯ ಕೋಡಿ ಇನ್ನೊಂದು ಕೆರೆಗೆ. ಸರಪಳಿಯಂತೆ ಸಾಗಿದ ನೀರು ಕೊನೆಗೆ ಹೊಳೆ ಕಾಣುತ್ತದೆ. ಮೇಲಿನ ಊರಿನವರು ರಾತ್ರೋರಾತ್ರಿ ಕೋಡಿಗೆ ನಾಲ್ಕು ಮರಳು ಚೀಲ ಒಟ್ಟಿದರೆ ಬೆಳಗಾಗುವಷ್ಟರಲ್ಲಿ ಕೆಳಗಿನ ಊರಿನಲ್ಲಿ ಪಂಚಾಯಿತಿ ಸೇರುತ್ತದೆ. ಒಬ್ಬರಿಗೆ ಅದು ನೀರಿನ ಉಳಿತಾಯ, ಮತ್ತೊಬ್ಬರಿಗೆ ಕಳ್ಳತನ.

ಇಂಥದೇ ಜಗಳ ಸರ್ಕಾರಗಳ ನಡುವೆ ಬಂದಾಗ ಹುಟ್ಟಿದ್ದು 1892ರ ಒಪ್ಪಂದ. ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿ ಆಗ 11 ವರ್ಷ. ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಮೈಸೂರಿನಲ್ಲಿ ಕೆರೆ ಕಟ್ಟೆಗಳ ಕೆಲಸ ನಡೆದರೆ ತಂಜಾವೂರಿನ ಗದ್ದೆಗಳ ಗತಿಯೇನು ಎಂಬುದು ಮದರಾಸು ಸರ್ಕಾರದ ಆತಂಕ. ಫೆಬ್ರುವರಿ 18ರಂದು ಆದ ಒಪ್ಪಂದದ ಪ್ರಕಾರ, ಪಟ್ಟಿ ಮಾಡಿದ 15 ಮುಖ್ಯ ನದಿಗಳಿಗೆ ಅಡ್ಡಲಾಗಿ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ‘ಹೊಸ’ ಜಲಾಶಯ ಕಟ್ಟುವಂತಿರಲಿಲ್ಲ.

ಸೋಜಿಗವಿರುವುದು ಈ ‘ಹೊಸ’ ಎಂಬ ಮಾತಿನಲ್ಲಿ. ಹಿಂದೆಂದೂ ಇಲ್ಲದ್ದು ಹೊಸತು, ಸರಿ. ಆದರೆ ಹಿಂದೆ ಇದ್ದು, 1892ಕ್ಕೆ ಮುಂಚೆ 30 ವರ್ಷಕ್ಕೂ ಹೆಚ್ಚು ಕಾಲ ಪಾಳುಬಿದ್ದಿದ್ದರೆ ಅದೂ ಹೊಸತೇ! ಬಳಕೆಯಲ್ಲಿದ್ದ ಕೆರೆಯ ಏರಿ ಗಟ್ಟಿಮಾಡಿದರೆ ಅದು ಬರಿಯ ದುರಸ್ತಿ. ಮುತ್ತಾತ ಕಟ್ಟಿ ಅಜ್ಜ ಕೈಬಿಟ್ಟ ಕೆರೆಯನ್ನು ಮೊಮ್ಮಗ ಎತ್ತಿಕಟ್ಟಿದರೆ ಹೊಸ ಜಲಾಶಯ. ಗುಮಾಸ್ತರ ಕೊಂಕು ಎಂದು ನಗಬಹುದು. ಆದರೆ ಅದರೊಳಗೊಂದು ಲೆಕ್ಕವಿದೆ. ಕೆರೆ ಒಡೆದ ಮೇಲೆ ಹರಿದುಹೋದ ನೀರನ್ನು ನಂಬಿ ಕೆಳಗೆ ಯಾರೋ ಗದ್ದೆ ಮಾಡಿರುತ್ತಾರೆ.

ಈ ಲೆಕ್ಕ ಇಂದಿನ ಗದ್ದೆಗೂ ಅನ್ವಯಿಸುತ್ತದೆ. ಭತ್ತಕ್ಕೆ ಹಾಯಿಸಿದ ನೀರನ್ನೆಲ್ಲ ಪೈರು ಕುಡಿಯುವುದಿಲ್ಲ. ಪೈರು ಕುಡಿದದ್ದು, ಬಿಸಿಲಿಗೆ ಆರಿದ್ದು ಮಾತ್ರ ನದಿಯ ಲೆಕ್ಕದಿಂದ ಕಳೆದುಹೋಯಿತು. ಉಳಿದದ್ದು ಇಂಗಿ ಪಕ್ಕದವರ ಬಾವಿಗೆ ಇಳಿಯುತ್ತದೆ, ಇಲ್ಲವೇ ಬಸಿಗಾಲುವೆ ಹಿಡಿದು ಹಳ್ಳ ಸೇರುತ್ತದೆ. ನಾವು ‘ಪೋಲು’ ಎನ್ನುವುದರಲ್ಲಿ ದೊಡ್ಡ ಪಾಲು ಹೀಗೆ ಇನ್ನೊಬ್ಬರ ಹೊಲ ಮುಟ್ಟುವ ನೀರು. ಹನಿ ನೀರಾವರಿ ಹಾಕಿದ ರೈತ ಉಳಿದ ನೀರನ್ನು ಹೊಳೆಗೆ ಬಿಟ್ಟರೆ ಹೊಳೆಗೆ ಲಾಭ. ಅದೇ ನೀರಿನಲ್ಲಿ ಇನ್ನೊಂದು ಎಕರೆ ಕಬ್ಬು ನಟ್ಟರೆ? ಅವನ ಮನೆ ತುಂಬುತ್ತದೆ. ಅವನನ್ನು ಯಾರೂ ದೂರುವಂತಿಲ್ಲ. ಆದರೆ ಕಣಿವೆಯಲ್ಲಿ ಪೈರು ಕುಡಿಯುವ ನೀರು ಹೆಚ್ಚಿತು, ಬಸಿಯುವುದು ನಿಂತಿತು. ಸಮುದ್ರಕ್ಕೋ ಉಪ್ಪು ನೆಲಕ್ಕೋ ಹೋಗುತ್ತಿದ್ದ ನೀರನ್ನು ತಡೆದರೆ ಮಾತು ಬೇರೆ. ಅದು ನಿಜವಾದ ಉಳಿತಾಯ. ಸಹಾಯಧನದ ಅರ್ಜಿಯಲ್ಲಿ ಮಾತ್ರ ಎರಡೂ ಒಂದೇ.

ಇಂಗಿದ ನೀರಿಗೆ ನ್ಯಾಯಾಲಯದಲ್ಲೂ ಬೆಲೆ ಬಂತು. ತಮಿಳುನಾಡಿನ ಕಾವೇರಿ ಮುಖಜಭೂಮಿಯಲ್ಲಿ 20 ಟಿಎಂಸಿ ಅಡಿ ಅಂತರ್ಜಲವಿದೆ ಎಂಬುದು ಕಾವೇರಿ ನ್ಯಾಯಮಂಡಳಿಯ ಮುಂದಿತ್ತಾದರೂ 2007ರ ಐತೀರ್ಪಿನ ಹಂಚಿಕೆಯಲ್ಲಿ ಅದು ಲೆಕ್ಕಕ್ಕೆ ಬರಲಿಲ್ಲ. ನದಿಯ ನೀರೇ ಇಂಗಿ ಅಂತರ್ಜಲವಾಗಿದೆ, ಅದನ್ನು ಬೇರೆಯಾಗಿ ಎಣಿಸಬಾರದೆಂಬುದು ತಮಿಳುನಾಡಿನ ವಾದ. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ 10 ಟಿಎಂಸಿ ಅಡಿಯನ್ನು ಪರಿಗಣಿಸಿತು. ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ ನೀರು 192ರಿಂದ 177.25 ಟಿಎಂಸಿ ಅಡಿಗೆ ಇಳಿಯಿತು.

ಕರ್ನಾಟಕಕ್ಕೆ ಆಗ ದೊರೆತ ಹೆಚ್ಚುವರಿ 14.75 ಟಿಎಂಸಿ ಅಡಿಯಲ್ಲಿ ಉಳಿದ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಈ ಊರಿಗೂ ತನ್ನದೇ ಹೊಳೆಯಿತ್ತು. 1930ರ ದಶಕದಲ್ಲಿ ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಕುಡಿದೇ ನಗರ ಬೆಳೆಯಿತು. ಆಮೇಲೆ ಮೇಲ್ಗಡೆಯ ತಾಲ್ಲೂಕುಗಳಲ್ಲಿ ಕೊಳವೆಬಾವಿ ಇಳಿದವು, ನೀಲಗಿರಿ ತೋಪುಗಳೆದ್ದವು, ಹಳ್ಳದ ದಾರಿಗಳು ಮುಚ್ಚಿದವು. ಜಲಾಶಯಕ್ಕೆ ಬರುವ ನೀರು ವರ್ಷದಿಂದ ವರ್ಷಕ್ಕೆ ಕುಗ್ಗಿತು. ಇಲ್ಲಿ ಎದುರಾಳಿ ರಾಜ್ಯವಿರಲಿಲ್ಲ, ಆದ್ದರಿಂದ ಯಾರೂ ನ್ಯಾಯಮಂಡಳಿ ಕೇಳಲಿಲ್ಲ. ಬೆಂಗಳೂರು ಕೊಳವೆ ಎಳೆದು ಕಾವೇರಿಯತ್ತ ನಡೆಯಿತು.