ಸಣ್ಣ ಟ್ರ್ಯಾಕ್ಟರಿಗೆ ಹಿಮ ತೂರುವ ಯಂತ್ರ

ಕೆನಡಾ, ಅಮೆರಿಕದ ಮಿನ್ನೆಸೋಟ ಮುಂತಾದ ಶೀತಪ್ರದೇಶಗಳಲ್ಲಿ ಮನೆಯ ದಾರಿಯ ಹಿಮ ತೆಗೆಯಲು ಸಣ್ಣ ಟ್ರ್ಯಾಕ್ಟರಿಗೆ ಹಿಮ ತೂರುವ ಯಂತ್ರವನ್ನು ಜೋಡಿಸುವುದುಂಟು. ಅಲ್ಲಿ ನೆಲೆಸಿದ ನಮ್ಮವರು ಅದನ್ನು ಕೊಳ್ಳುವಾಗ ಬೆಲೆಗಿಂತ ಮೊದಲು ಹೊಂದಾಣಿಕೆಯನ್ನು ನೋಡಬೇಕು. ಯಂತ್ರದ ಅಗಲವು ಹಿಂಚಕ್ರಗಳ ಹೊರ ಅಂಚಿಗಿಂತ ಕಡಿಮೆಯಿರಬಾರದು. ಇದ್ದರೆ ಚಕ್ರಗಳು ಉಳಿದ ಹಿಮವನ್ನು ತುಳಿದು ಗಟ್ಟಿಮಾಡುತ್ತವೆ. ಅಗಲ ಹೆಚ್ಚಿದಂತೆ ಶಕ್ತಿಯೂ ಹೆಚ್ಚು ಬೇಕು. ಎಂಜಿನ್ನಿನ ಒಟ್ಟು ಅಶ್ವಶಕ್ತಿಯನ್ನಲ್ಲ, ಯಂತ್ರವನ್ನು ತಿರುಗಿಸುವ ಪಿ.ಟಿ.ಒ. ದಂಡಕ್ಕೆ ದೊರೆಯುವ ಶಕ್ತಿಯನ್ನು ಲೆಕ್ಕಿಸಬೇಕು.

ನಿಮಿಷಕ್ಕೆ 540 ಸುತ್ತಿನ ಹಿಂಬದಿ ದಂಡಕ್ಕೆ ಜೋಡಿಸುವ ಯಂತ್ರ ಸಾಮಾನ್ಯವಾಗಿ ಅಗ್ಗ. ಆದರೆ ಹಿಮ್ಮುಖವಾಗಿ ಓಡಿಸಬೇಕಾಗಿ ಕತ್ತು ನೋಯುತ್ತದೆ. ಮುಂದೆ ಜೋಡಿಸುವುದು ಸುಗಮ, ದುಬಾರಿ.

ಯಾವುದೇ ಇರಲಿ, ಕೊಳವೆಯಲ್ಲಿ ಹಿಮ ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ, ತಿರುಗುವ ಭಾಗಗಳೆಲ್ಲ ನಿಂತ ಮೇಲೆ ಕೋಲಿನಿಂದಲೇ ತೆಗೆಯಬೇಕು, ಕೈ ಹಾಕಕೂಡದು. ಮುರಿದ ಬೋಲ್ಟಿಗೆ ಬದಲಿ ದೊರೆತೀತು, ಬೆರಳಿಗೆ ದೊರೆಯದು.